ಬಡಿಗನ ಅಂಗಳದ ಗುಡಿ

ನಮ್ಮವ್ವ ಚರ್ಚಿಗೆ ಚರ್ಚ್ ಎಂದವಳೇ ಅಲ್ಲ. ಅವಳ ಬಾಯಲ್ಲಿ ಅದು ಗುಡಿ. "ಗುಡಿಗೆ ಹೊತ್ತಾತು, ಏಳೋ" ಎಂಬ ಕೂಗಿನಿಂದಲೇ ಬೆಟಗೇರಿಯ ನಮ್ಮ ಮನೆಯಲ್ಲಿ ಭಾನುವಾರ ಬೆಳಗಾಗುತ್ತಿತ್ತು. ಹನ್ನೆರಡು ವರ್ಷದ ಹಿಂದೆ ಕೆಲಸದ ನೆವದಲ್ಲಿ ಬಂಗಾಳದ ಶ್ರೀರಾಮಪುರಕ್ಕೆ ಬಂದೆ. ಇಲ್ಲಿಯವರು ಅದನ್ನು ಗಿರ್ಜಾ ಎನ್ನುತ್ತಾರೆ. ನಮ್ಮ ಮಂಗಳೂರು ಕಡೆಯ ಇಗರ್ಜಿಯೂ ಬಂಗಾಳಿಗಳ ಗಿರ್ಜಾವೂ ಒಂದೇ ಪೋರ್ಚುಗೀಸ್ ಮಾತಿನಿಂದ ಹುಟ್ಟಿದವು ಎಂದು ತಿಳಿದಾಗ ದೂರದ ಊರಿನಲ್ಲಿ ಬಳಗದವರು ಸಿಕ್ಕಷ್ಟು ಸಂತೋಷವಾಗಿತ್ತು.

ಆದರೆ ಇಲ್ಲಿಯ ಬ್ಯಾಪ್ಟಿಸ್ಟ್ ಹಿರಿಯರ ಬಾಯಲ್ಲಿ ಇನ್ನೊಂದು ಮಾತಿದೆ, ಮಂಡಲಿ. ಗಿರ್ಜಾ ಎಂದರೆ ಕಟ್ಟಡ. ಮಂಡಲಿ ಎಂದರೆ ಅದರೊಳಗೆ ಕೂಡುವ ಜನ, ನಾವು ಸಭೆ ಎನ್ನುತ್ತೇವಲ್ಲ, ಅದು. ನಾನು ಹೊಸದಾಗಿ ಬಂದಾಗ ಒಬ್ಬ ಹಿರಿಯರನ್ನು "ದಾದಾ, ನಿಮ್ಮ ಗಿರ್ಜಾ ಎಷ್ಟು ಹಳೆಯದು?" ಎಂದು ಕೇಳಿದ್ದೆ. ಅವರು ತಿರುಗಿ ಕೇಳಿದರು: "ಗಿರ್ಜಾ ಕೇಳ್ತಿದ್ದೀಯೋ, ಮಂಡಲಿ ಕೇಳ್ತಿದ್ದೀಯೋ?" ನಮ್ಮ ಕಡೆ ಆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಉತ್ತರ. ಇಲ್ಲಿ ಹಾಗಲ್ಲ. ಆ ವ್ಯತ್ಯಾಸದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಶ್ರೀರಾಮಪುರ ಹೌರಾದಿಂದ ಲೋಕಲ್ ರೈಲಿನಲ್ಲಿ ಇಪ್ಪತ್ತು ಕಿಲೋಮೀಟರ್ ದೂರ, ಹೂಗ್ಲಿ ನದಿಯ ಪಶ್ಚಿಮ ದಂಡೆಯ ಮೇಲಿದೆ. 1755ರಿಂದ 1845ರವರೆಗೆ ಇದು ಡೆನ್ಮಾರ್ಕಿನವರ ಊರಾಗಿತ್ತು. ತಮ್ಮ ರಾಜನ ಹೆಸರಿಟ್ಟು ಅವರು ಇದನ್ನು ಫ್ರೆಡರಿಕ್ಸ್‌ನಗರ ಎಂದು ಕರೆಯುತ್ತಿದ್ದರು. ನದಿಯಾಚೆ ಬ್ರಿಟಿಷರ ಬ್ಯಾರಕ್‌ಪುರ. ಕೈಯೆತ್ತಿ ಕರೆದರೆ ಕಾಣುವಷ್ಟು ಹತ್ತಿರ, ಆದರೆ ಕಾನೂನು ಬೇರೆ. ಈಸ್ಟ್ ಇಂಡಿಯಾ ಕಂಪನಿಗೆ ತನ್ನ ನೆಲದಲ್ಲಿ ಮಿಷನರಿಗಳು ಬೇಡವಾಗಿದ್ದರು. ಡೇನ್ ಗವರ್ನರ್ ಓಲೆ ಬೀ ಅವರಿಗೆ ಜಾಗ ಕೊಟ್ಟ. 1799ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಮಿಷನರಿಗಳಾದ ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಮತ್ತು ಜೊತೆಯವರು ಇಲ್ಲಿ ಇಳಿದರು. ಅದಕ್ಕೂ ಆರು ವರ್ಷ ಮೊದಲೇ ಬಂಗಾಳಕ್ಕೆ ಬಂದು, ಉತ್ತರದ ಮಾಲ್ದಾ ಸೀಮೆಯಲ್ಲಿ ನೀಲಿಯ ಕಾರ್ಖಾನೆ ನೋಡಿಕೊಂಡಿದ್ದ ವಿಲಿಯಂ ಕೇರಿ, 1800ರ ಜನವರಿ 10ರಂದು ಕುಟುಂಬ ಕಟ್ಟಿಕೊಂಡು ಬಂದು ಸೇರಿದ. ಹೊಸದಾಗಿ ಬಂದವರಲ್ಲಿ ಗ್ರಾಂಟ್ ಎಂಬಾತ ಇಳಿದ ಮೂರು ವಾರದೊಳಗೆ ತೀರಿಕೊಂಡಿದ್ದ. ಎರಡು ವರ್ಷ ಕಳೆಯುವುದರೊಳಗೆ ಇನ್ನೂ ಮೂವರು ಹೋದರು.

ಬ್ಯಾಪ್ಟಿಸ್ಟರೆಂದರೆ ಯಾರು ಎಂದು ನಮ್ಮ ಕಡೆಯ ಓದುಗರಿಗೆ ಒಂದಿಷ್ಟು ಹೇಳಬೇಕು, ಏಕೆಂದರೆ ಉತ್ತರ ಕರ್ನಾಟಕದ ನಮ್ಮಂಥವರ ಮನೆತನಗಳು ಸ್ವಿಟ್ಜರ್ಲೆಂಡಿನಿಂದ ಬಂದ, ಜರ್ಮನರೇ ಹೆಚ್ಚಾಗಿದ್ದ ಬಾಸೆಲ್ ಮಿಷನ್ನಿನ ಪಾಲಿನವು. ನಮ್ಮಲ್ಲಿ ಕೂಸಿಗೇ ದೀಕ್ಷಾಸ್ನಾನ. ಸಭಾಪಾಲಕರು ಮಗುವಿನ ಹಣೆಗೆ ಮೂರು ಸಲ ನೀರು ಮುಟ್ಟಿಸುತ್ತಾರೆ, ತಾಯ್ತಂದೆ ಅದರ ಪರವಾಗಿ ಮಾತು ಕೊಡುತ್ತಾರೆ, ಹುಡುಗ ದೊಡ್ಡವನಾದ ಮೇಲೆ ಪಾಠ ಕಲಿತು ದೃಢೀಕರಣ ಪಡೆಯುತ್ತಾನೆ. ಬ್ಯಾಪ್ಟಿಸ್ಟರು ಇದನ್ನು ಒಪ್ಪುವುದಿಲ್ಲ. ತಾನೇ ನಂಬಿ, ತಾನೇ ಬಾಯಿಬಿಟ್ಟು ಹೇಳಿದವನಿಗೆ ಮಾತ್ರ ದೀಕ್ಷಾಸ್ನಾನ. ಅದೂ ಮೈಯೆಲ್ಲ ನೀರಿನಲ್ಲಿ ಮುಳುಗಿಸಿ. ಕೇರಿ ಇಂಗ್ಲೆಂಡಿನ ನಾರ್ಥಾಂಪ್ಟನ್ ಸೀಮೆಯವನು, ಚಪ್ಪಲಿ ಹೊಲಿಯುವ ಕಸುಬು ಕಲಿತವನು. 1783ರಲ್ಲಿ ಅವನು ದೀಕ್ಷಾಸ್ನಾನ ತೆಗೆದುಕೊಂಡದ್ದು ನೆನ್ ಎಂಬ ಹೊಳೆಯಲ್ಲಿ. ಮೊದಮೊದಲು ನನಗೆ ಈ ಪದ್ಧತಿ ಒಗ್ಗಲಿಲ್ಲ. ನನ್ನ ಅವ್ವ ನನಗಾಗಿ ಕೊಟ್ಟ ಮಾತು ಕಡಿಮೆಯದೇ ಎಂದು ಒಳಗೊಳಗೇ ಸಿಟ್ಟು ಬರುತ್ತಿತ್ತು. ಈಗಲೂ ನನ್ನ ಮನಸ್ಸು ನಮ್ಮ ಪದ್ಧತಿಯ ಕಡೆಗೇ. ಆದರೆ ಹೊಳೆಯನ್ನೇ ದೀಕ್ಷಾಸ್ನಾನದ ತೊಟ್ಟಿಯಾಗಿ ಉಳ್ಳವರಿಗೆ ಸಭೆ ಶುರುಮಾಡಲು ಕಟ್ಟಡದ ಹಂಗು ಇರಲಿಲ್ಲ ಎಂಬುದು ಇಲ್ಲಿಗೆ ಬಂದ ಮೇಲೆಯೇ ನನಗೆ ಹೊಳೆದದ್ದು.

ಅವರು ಮೊದಲು ಮಾಡಿದ ಕೆಲಸ ನದಿ ದಂಡೆಯ ಒಂದು ದೊಡ್ಡ ಮನೆಯನ್ನು ಆರು ಸಾವಿರ ರೂಪಾಯಿಗೆ ಕೊಂಡದ್ದು. ಗವರ್ನರನ ಸಂಬಂಧಿಕನೊಬ್ಬನ ಮನೆ ಅದು. ನಡುವೆ ವಿಶಾಲವಾದ ಪಡಸಾಲೆ, ಸುತ್ತ ಕೋಣೆಗಳು, ಹೊರಗೆ ಗೋಡೆ ಕಟ್ಟಿದ ಎರಡು ಎಕರೆ ತೋಟ. ಬೆಲೆ ಕೇಳಿ ಅವರಿಗೆ ದಿಗಿಲಾಗಿತ್ತು. ಬಾಡಿಗೆ ಲೆಕ್ಕ ಹಾಕಿದರೆ ಕೆಲವೇ ವರ್ಷದಲ್ಲಿ ಅಷ್ಟೇ ಆಗುತ್ತದೆ ಎಂದು ಧೈರ್ಯ ಮಾಡಿದರು. ಎಲ್ಲ ಕುಟುಂಬಗಳೂ ಒಂದೇ ಮನೆ, ಒಂದೇ ಅಡುಗೆ, ಒಂದೇ ಹಣದ ಪೆಟ್ಟಿಗೆ. ಮುಂದೆ ಕೇರಿಗೆ, ಕಂಪನಿಯ ಅಧಿಕಾರಿಗಳಿಗೆ ದೇಶಭಾಷೆ ಕಲಿಸುತ್ತಿದ್ದ ಕಲಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಿಂದ ತಿಂಗಳಿಗೆ ಐದುನೂರು, ಆಮೇಲೆ ಸಾವಿರ ರೂಪಾಯಿ ಸಂಬಳ ಬರತೊಡಗಿದಾಗಲೂ ಅದು ಬೀಳುತ್ತಿದ್ದದ್ದು ಅದೇ ಪೆಟ್ಟಿಗೆಗೆ. ಮಾರ್ಷ್‌ಮನ್ ಮತ್ತು ಅವನ ಹೆಂಡತಿ ಹನ್ನಾ ನಡೆಸುತ್ತಿದ್ದ ವಸತಿ ಶಾಲೆಯ ಹಣವೂ ಅಲ್ಲಿಗೇ. 1800ರ ಏಪ್ರಿಲ್ 24ರಂದು ಆ ಪಡಸಾಲೆಯಲ್ಲಿ ಕೂತು ಅವರು ತಮ್ಮನ್ನು ಒಂದು ಸಭೆಯೆಂದು ಗೊತ್ತುಮಾಡಿಕೊಂಡರು, ಕೇರಿಯನ್ನು ಪಾಲಕನನ್ನಾಗಿ ಆರಿಸಿದರು. ಮಂಡಲಿಯ ಹುಟ್ಟು ಅದು. ಗಿರ್ಜಾ ಇನ್ನೂ ಇರಲಿಲ್ಲ. ಪಡಸಾಲೆ ಇತ್ತು, ಅಷ್ಟೇ.

ಆ ವರ್ಷದ ಕೊನೆಯ ವಾರದ ಕಥೆಯನ್ನು ಇಲ್ಲಿಯವರು ಇವತ್ತಿಗೂ ಹೇಳುತ್ತಾರೆ. ನವೆಂಬರಿನಲ್ಲಿ ಕೃಷ್ಣ ಪಾಲ್ ಎಂಬ ಬಡಿಗ ಸ್ನಾನಕ್ಕೆ ಹೋಗಿ ಘಾಟಿನ ಮೆಟ್ಟಿಲಲ್ಲಿ ಜಾರಿ ತೋಳಿನ ಕೀಲು ತಪ್ಪಿಸಿಕೊಂಡ. ಮಿಷನ್ನಿನ ವೈದ್ಯ ಜಾನ್ ಥಾಮಸ್ ಅವನನ್ನು ಮರಕ್ಕೆ ಕಟ್ಟಿ, ಎಳೆದು, ಕೀಲು ಕೂಡಿಸಿದ. ಅಲ್ಲಿಂದ ಮಾತುಕತೆ ಬೆಳೆಯಿತು. ಡಿಸೆಂಬರಿನಲ್ಲಿ ಕೃಷ್ಣ ಪಾಲ್ ಅವರ ಜೊತೆ ಕೂತು ಉಂಡ. ಉಂಡನೆಂದರೆ ಜಾತಿ ಹೋಯಿತು. ಜನ ಗುಂಪುಗೂಡಿ ಅವನನ್ನು ಹಿಡಿದು ಅಧಿಕಾರಿಯ ಮುಂದೆ ನಿಲ್ಲಿಸಿದರು. ತಪ್ಪೇನೂ ಕಾಣದೆ ಅಧಿಕಾರಿ ಬಿಟ್ಟುಕೊಟ್ಟ. ಡಿಸೆಂಬರ್ 28, ಭಾನುವಾರ, ಮಿಷನ್ ಮನೆಯ ಎದುರಿನ ಘಾಟಿನಲ್ಲಿ ಕೇರಿ ಮೊದಲು ತನ್ನ ಮಗ ಫೆಲಿಕ್ಸನನ್ನು, ಆಮೇಲೆ ಕೃಷ್ಣ ಪಾಲನನ್ನು ನೀರಿನಲ್ಲಿ ಮುಳುಗಿಸಿ ಎತ್ತಿದ. ದಂಡೆಯ ಮೇಲೆ ನಿಂತಿದ್ದ ಗವರ್ನರ್ ಬೀ ಅತ್ತುಬಿಟ್ಟನಂತೆ.

ಅದೇ ಹೊತ್ತಿಗೆ ಮನೆಯೊಳಗೆ ಇನ್ನಿಬ್ಬರು ಕೂಡಿಹಾಕಲ್ಪಟ್ಟಿದ್ದರು. ಒಬ್ಬ ಆ ವೈದ್ಯ ಥಾಮಸ್. ವರ್ಷಗಟ್ಟಲೆ ಕಾದ ದಿನ ಬಂತೆಂಬ ಸಂತೋಷಕ್ಕೇ ಅವನ ಬುದ್ಧಿ ಕದಡಿತ್ತು. ಇನ್ನೊಬ್ಬಳು ಕೇರಿಯ ಹೆಂಡತಿ ಡೊರೊಥಿ. ಬಂಗಾಳಕ್ಕೆ ಬಂದ ಮರುವರ್ಷ ಐದು ವರ್ಷದ ಮಗನನ್ನು ಕಳೆದುಕೊಂಡವಳು, ಅವಳ ಚಿತ್ತ ಮತ್ತೆ ನೆಟ್ಟಗಾಗಲಿಲ್ಲ. 1807ರಲ್ಲಿ ತೀರಿಕೊಳ್ಳುವವರೆಗೂ ಅದೇ ಮನೆಯಲ್ಲಿದ್ದಳು. ನದಿಯಲ್ಲಿ ಹಾಡು, ಕೋಣೆಯಲ್ಲಿ ಕೂಗು. ಕೇರಿಯ ಹೆಸರಿನಲ್ಲಿ ಸಮಾರಂಭ ಮಾಡುವವರು ಡೊರೊಥಿಯ ಹೆಸರನ್ನೂ ಗಟ್ಟಿಯಾಗಿ ಹೇಳಬೇಕೆಂದು ನನ್ನ ಆಸೆ. ಈ ಸಭೆಯ ಮೊದಲ ಕಟ್ಟಡದ ಒಂದು ಕೋಣೆ ಅವಳ ಪಾಲಿಗೆ ಸೆರೆಯಾಗಿತ್ತು, ಅದನ್ನು ಬಿಟ್ಟು ಬರೆದ ಚರಿತ್ರೆ ಅರೆಬರೆಯದು.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವಾದ ಕಟ್ಟಡಕ್ಕೆ ಬರುತ್ತೇನೆ. ದೀಕ್ಷಾಸ್ನಾನವಾದ ಕೆಲ ಕಾಲಕ್ಕೆ ಕೃಷ್ಣ ಪಾಲ್ ತನ್ನ ಮನೆಯ ಎದುರಿಗೇ, ತನ್ನ ಸ್ವಂತ ದುಡ್ಡಿನಲ್ಲಿ, ಒಂದು ಚಿಕ್ಕ ಪ್ರಾರ್ಥನೆಯ ಮನೆ ಕಟ್ಟಿಸಿದ. ಬಂಗಾಳದಲ್ಲಿ ಅಲ್ಲಿಯ ಕ್ರೈಸ್ತನೊಬ್ಬ ತಾನಾಗಿ ಕಟ್ಟಿದ ಮೊದಲ ಪ್ರಾರ್ಥನಾ ಮಂದಿರ ಅದು ಎಂದು ಮಿಷನ್ನಿನವರೇ ಬರೆದಿಟ್ಟಿದ್ದಾರೆ. ಅಲ್ಲಿ ಮೊದಲ ಉಪದೇಶ ಮಾಡಿದವನು ಕೇರಿ. ಕೇಳಲು ಬಂದವರು, ಮನೆಯವರನ್ನು ಬಿಟ್ಟು, ಇಪ್ಪತ್ತು ಜನ. ಬಡಿಗನ ಕೈಯ ಮನೆ. ಅವನ ಉಳಿಯೇ ಅದರ ತೊಲೆ ಬಾಗಿಲುಗಳನ್ನು ತಿದ್ದಿತ್ತೆಂದು ನಾನು ಊಹಿಸಿಕೊಳ್ಳುತ್ತೇನೆ.

ಆ ಅಂಗಳದಲ್ಲಿ ನಡೆದದ್ದನ್ನು ನೋಡಿ. 1803ರಲ್ಲಿ ಕೃಷ್ಣ ಪಾಲನ ಮಗಳನ್ನು ಕೃಷ್ಣಪ್ರಸಾದ ಎಂಬ ಬ್ರಾಹ್ಮಣ ತರುಣ ಮದುವೆಯಾದ. ಮದುವೆ ನಡೆದದ್ದು ಯಾವ ಗಿರ್ಜಾದಲ್ಲೂ ಅಲ್ಲ, ಕೃಷ್ಣನ ಮನೆಯ ಮುಂದಿನ ಮರದ ಕೆಳಗೆ. ಆಮೇಲೆ ಬಿಳಿಯರೂ ಬಂಗಾಳಿಗಳೂ ಒಟ್ಟಿಗೆ ಕೂತು ಅನ್ನ, ಮೀನು, ಪಲ್ಯ ಉಂಡರು. ಬಡಿಗನ ಮಗಳು, ಬ್ರಾಹ್ಮಣರ ಹುಡುಗ, 1803! ನಮ್ಮ ಸೀಮೆಯಲ್ಲಿ ಅದಕ್ಕೂ ಆರುನೂರು ವರ್ಷಕ್ಕಿಂತ ಹಿಂದೆ ಕಲ್ಯಾಣದಲ್ಲಿ ಇಂಥದೇ ಒಂದು ಮದುವೆಗೆ ಎಂಥ ಬೆಲೆ ತೆತ್ತರೆಂಬುದು ಪ್ರತಿ ಕನ್ನಡಿಗನಿಗೂ ಗೊತ್ತು, ಅದಕ್ಕೇ ಈ ಮರದ ಕೆಳಗಿನ ಮದುವೆ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಅದೇ ವರ್ಷ ಗೋಕುಲ್ ಎಂಬ ಸಭೆಯ ಸದಸ್ಯ ತೀರಿಕೊಂಡ. ಹೆಣ ಹೊರಲು ಕೂಲಿಯವರನ್ನು ಕರೆಯುವುದು ರೂಢಿಯಾಗಿತ್ತು. ಈ ಸಲ ಮಾರ್ಷ್‌ಮನ್, ಫೆಲಿಕ್ಸ್ ಕೇರಿ, ಬ್ರಾಹ್ಮಣನಾಗಿದ್ದ ಭೈರವ, ಮುಸಲ್ಮಾನನಾಗಿದ್ದ ಪೀರು, ಈ ನಾಲ್ವರು ಹೆಗಲು ಕೊಟ್ಟರು. ಬೀದಿಯ ಜನ ನಿಂತು ನೋಡಿದರು. ಮೊದಲಿನವರು ಹೆಸರನ್ನೂ ಬದಲಾಯಿಸಲಿಲ್ಲ. ಕೃಷ್ಣ ಎಂಬವನು ಕೃಷ್ಣನಾಗಿಯೇ ಉಳಿದ, ಗ್ರೀಕ್ ದೇವರ ಹೆಸರು ಹೊತ್ತ ಅಪೊಲ್ಲೋಸನಂಥವರು ಬೈಬಲ್ಲಿನಲ್ಲೇ ಇದ್ದಾರಲ್ಲ ಎಂದರು ಮಿಷನರಿಗಳು. ನಮ್ಮ ಮಂಗಳೂರಿನಲ್ಲಿ 1844ರಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯರು ಹರ್ಮನ್ ಎಂಬುದನ್ನು ಮುಂದೆ ಸೇರಿಸಿಕೊಂಡು ಹಳೆಯ ಹೆಸರನ್ನೂ ಗೋತ್ರವನ್ನೂ ಉಳಿಸಿಕೊಂಡರು. ಈ ಒಂದು ವಿಷಯದಲ್ಲಿ ಎರಡೂ ಸೀಮೆಯವರು ಹತ್ತಿರದವರು.

ಮಿಕ್ಕದ್ದರಲ್ಲಿ ದೂರ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ಕ್ಕೆ ಧಾರವಾಡಕ್ಕೆ, 1839ಕ್ಕೆ ಹುಬ್ಬಳ್ಳಿಗೆ, 1841ಕ್ಕೆ ನಮ್ಮ ಬೆಟಗೇರಿಗೆ ಬಂದರು. ಅವರು ಕಟ್ಟುವವರು. ಜಾತಿಯಿಂದ ಹೊರಬಿದ್ದವನಿಗೆ ಮನೆ ಬೇಕು, ಕೆಲಸ ಬೇಕು ಎಂದು ತಿಳಿದು ಮನೆ, ಮಗ್ಗ, ಮುದ್ರಣಾಲಯ, 1865ರಲ್ಲಿ ಹೆಂಚಿನ ಕಾರ್ಖಾನೆ, ಎಲ್ಲವನ್ನೂ ಕಟ್ಟಿದರು. ಆ ಋಣ ದೊಡ್ಡದು. ನಮ್ಮ ಮುತ್ತಜ್ಜನ ಹೊಟ್ಟೆ ತುಂಬಿದ್ದು ಅದರಿಂದ, ಅಕ್ಷರ ಬಂದದ್ದು ಅದರಿಂದ. ಆದರೆ ಗದಗದ ಹತ್ತಿರದ ಮಲಸಮುದ್ರದ ಕಥೆಯನ್ನೂ ನೆನೆಯಬೇಕು. 1840ರ ದಶಕದ ಆರಂಭದಲ್ಲಿ, ಕಾಲಜ್ಞಾನದ ಮಾತು ನಂಬಿದ ಜನ ಗುಂಪಾಗಿ ಬರುತ್ತಾರೆಂಬ ಭರವಸೆಯ ಮೇಲೆ ಮಿಷನ್ನು ಅಲ್ಲಿ ನೆಲ ಹಿಡಿದು ನೆಲೆ ಮಾಡಿತು. ನೆಲೆಯಾಯಿತು, ನಿರೀಕ್ಷೆಯ ಜನ ಬರಲಿಲ್ಲ. ಶ್ರೀರಾಮಪುರದಲ್ಲಿ ಜನ ಮೊದಲು, ಸೂರು ಆಮೇಲೆ. ನಮ್ಮಲ್ಲಿ ಸೂರು ಮೊದಲು. ನನ್ನ ಪ್ರಕಾರ ಇವತ್ತಿಗೂ ನಮ್ಮ ಸಭೆಗಳ ನಡೆಯಲ್ಲಿ ಆ ಗುರುತು ಇದೆ. ಗುಡಿಯ ಹೆಂಚು ಒಡೆದರೆ "ಮಿಷನ್ನಿನವರು ಕಟ್ಟಿದ್ದು" ಎನ್ನುತ್ತೇವೆ. ಮಿಷನ್ನಿನವರು ಮೊದಲ ಮಹಾಯುದ್ಧದಲ್ಲಿ ಶತ್ರುದೇಶದವರೆನಿಸಿ ನಿರ್ಗಮಿಸಿ ನೂರು ವರ್ಷ ದಾಟಿದೆ. ಆದರೂ ನಮ್ಮ ಬಾಯಲ್ಲಿ ಕಟ್ಟಡ ಇನ್ನೂ ಅವರದೇ.

ಶ್ರೀರಾಮಪುರದವರಿಗೆ ಎರವಲು ಸೂರಿನ ಅಭ್ಯಾಸವೂ ಇತ್ತು. ಡೇನರು 1800ರಲ್ಲೇ ತಮ್ಮ ಲೂಥರನ್ ಪದ್ಧತಿಯ ಸಂತ ಓಲಾವ್ ಚರ್ಚನ್ನು ಶುರುಮಾಡಿ 1806ಕ್ಕೆ ಮುಗಿಸಿದರು. ಮುಖಮಂಟಪದ ಮೇಲೆ ರಾಜ ಏಳನೆಯ ಕ್ರಿಶ್ಚಿಯನ್ನನ ಹೆಸರಿನ ಮುದ್ರೆ ಇವತ್ತಿಗೂ ಇದೆ. ಅಲ್ಲಿ ಉಪದೇಶ ಮಾಡಲು ಡೇನ್ ಪಾದ್ರಿ ಇಲ್ಲದ್ದರಿಂದ ಈ ಬ್ಯಾಪ್ಟಿಸ್ಟರೇ ಮಾಡುತ್ತಿದ್ದರು. ಕೂಸುಗಳಿಗೆ ದೀಕ್ಷಾಸ್ನಾನ ಕೊಡುವ ಸಭೆಯ ವೇದಿಕೆಯ ಮೇಲೆ ಅದನ್ನು ಒಪ್ಪದವರು ನಿಂತು ಮಾತಾಡಿದರು, ಇಬ್ಬರಿಗೂ ಅದು ನಡೆಯಿತು. ಇನ್ನೂ ವಿಚಿತ್ರವಾದದ್ದು ಆಲ್ಡೀನ್ ಎಂಬ ತೋಟದ ದಂಡೆಯ ಮೇಲಿನ ಗುಡಿ. ಅದು ರಾಧಾವಲ್ಲಭನ ದೇವಸ್ಥಾನವಾಗಿತ್ತು. ನದಿ ಕೊರೆಯುತ್ತ ಹತ್ತಿರ ಬಂತು, ಪೂಜಾರಿಗಳು ದೇವರನ್ನು ಬೇರೆಡೆಗೆ ಒಯ್ದರು, ಗುಡಿ ಬರಿದಾಯಿತು. 1806ರಲ್ಲಿ ಆಂಗ್ಲಿಕನ್ ಪಾದ್ರಿ ಹೆನ್ರಿ ಮಾರ್ಟಿನ್ ಅದರಲ್ಲಿ ವಾಸವಿದ್ದ. ಆಂಗ್ಲಿಕನರೂ ಬ್ಯಾಪ್ಟಿಸ್ಟರೂ ಅಲ್ಲಿ ಕೂಡಿ ಪ್ರಾರ್ಥನೆ ಮಾಡಿದರು. ದೇವರು ಎದ್ದುಹೋದ ಗುಡಿಯಲ್ಲಿ ಬೇರೆಯವರ ಪ್ರಾರ್ಥನೆ. ಇವತ್ತು ಇಂಥದು ನಡೆದರೆ ಎಷ್ಟು ಮೆರವಣಿಗೆ, ಎಷ್ಟು ಕೋರ್ಟು! ನದಿಯ ಮುಂದೆ ಎಲ್ಲರ ಕಟ್ಟಡವೂ ಒಂದೇ ಎಂದು ಆ ಕಾಲದ ಜನ ಸುಮ್ಮನೆ ಒಪ್ಪಿಕೊಂಡಿದ್ದರೇನೋ.

ಕನ್ನಡಿಗನಾದ ನನಗೆ ಈ ಸಭೆಯ ಕಟ್ಟಡಗಳಲ್ಲಿ ತೀರ ಹತ್ತಿರದ್ದು ಮುದ್ರಣಾಲಯ. ಸಭೆಯ ಆವರಣದಲ್ಲೇ ಅದಿತ್ತು. ವಾರ್ಡ್ ಅದರ ಯಜಮಾನ. ಅಚ್ಚುಮೊಳೆ ಕೊರೆದವನು ಪಂಚಾನನ ಕರ್ಮಕಾರ, ಅವನ ನಂತರ ಅಳಿಯ ಮನೋಹರ. ಮನೋಹರ ನಲವತ್ತು ವರ್ಷ ಈ ಮುದ್ರಣಾಲಯಕ್ಕೆ ದುಡಿದ, ಆದರೆ ತನ್ನ ಮನೆದೇವರನ್ನು ಬಿಡಲಿಲ್ಲ. ಅವನ ಕೆಲಸಕ್ಕೆ ಅದು ಅಡ್ಡಿಯಾಗಲಿಲ್ಲ. 1812ರ ಮಾರ್ಚ್ 11ರ ಸಂಜೆ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಇನ್ನೂರು ಅಡಿ ಉದ್ದದ ಕಟ್ಟಡ. ಕಿಟಕಿ ಬಾಗಿಲು ಮುಚ್ಚಿ ಬೆಂಕಿಯ ಉಸಿರು ಕಟ್ಟಿಸಲು ವಾರ್ಡ್ ಹೆಣಗಾಡಿದ, ಯಾರೋ ಕಿಟಕಿ ತೆರೆದರು, ನಡುರಾತ್ರಿಗೆ ಚಾವಣಿ ಕುಸಿಯಿತು. ಕೇರಿ ಆ ರಾತ್ರಿ ಕಲಕತ್ತೆಯಲ್ಲಿದ್ದ. ಸುಟ್ಟುಹೋದ ಹಸ್ತಪ್ರತಿಗಳ ಪಟ್ಟಿಯಲ್ಲಿ ತೆಲುಗು ವ್ಯಾಕರಣವಿತ್ತು, ಸಂಸ್ಕೃತದ ದೊಡ್ಡ ನಿಘಂಟಿನ ಕರಡಿತ್ತು, ಕನ್ನಡದ ಹೊಸ ಒಡಂಬಡಿಕೆ ಪೂರ್ತಿಯಾಗಿ ಇತ್ತು.

ಈ ಕೊನೆಯದನ್ನು ನಾನು ಮೊದಲ ಸಲ ಓದಿದ ದಿನ ಊಟ ಸೇರಲಿಲ್ಲ. ನಮ್ಮ ಭಾಷೆಯ ಒಂದು ಇಡೀ ಪುಸ್ತಕ, ನಾನು ದಿನಾ ನಡೆದಾಡುವ ಈ ದಂಡೆಯ ಮೇಲೆ ಬೂದಿಯಾಗಿದೆ! ಮುದ್ರಣಯಂತ್ರಗಳು ಉಳಿದವು, ಕರಗಿದ ಸೀಸವನ್ನು ಬೂದಿಯಿಂದ ಆರಿಸಿ ತೆಗೆದರು, ಕೆಲವೇ ವಾರಗಳಲ್ಲಿ ಮತ್ತೆ ಅಚ್ಚು ಹಾಕತೊಡಗಿದರು. 1817ರಲ್ಲಿ ಕೇರಿಯ ಕನ್ನಡ ವ್ಯಾಕರಣ ಇಲ್ಲಿಂದಲೇ ಹೊರಬಂತು. ಹೆಸರಿನಲ್ಲಿ 'ಕರ್ನಾಟ ಭಾಷೆ' ಎಂದಿದೆ, ವಿವರಣೆ ಇಂಗ್ಲಿಷಿನಲ್ಲಿ, ಉದಾಹರಣೆಗಳು ಕನ್ನಡ ಲಿಪಿಯಲ್ಲಿ. ಮುದ್ರಣ ಕಂಡ ಕನ್ನಡ ವ್ಯಾಕರಣಗಳಲ್ಲಿ ತೀರ ಮೊದಲಿನದು. ಮೊಗ್ಲಿಂಗರ ಮಂಗಳೂರ ಸಮಾಚಾರಕ್ಕೆ ಆಗ ಇನ್ನೂ ಇಪ್ಪತ್ತಾರು ವರ್ಷ ಬಾಕಿ, ಕಿಟೆಲ್ಲರ ನಿಘಂಟಿಗೆ ಎಪ್ಪತ್ತೇಳು ವರ್ಷ ಬಾಕಿ. ಕಿಟೆಲ್ಲರನ್ನು ನಾವು ಮರೆತಿಲ್ಲ, ಬೆಂಗಳೂರಿನ ರಸ್ತೆಯಲ್ಲಿ ಪ್ರತಿಮೆ ನಿಲ್ಲಿಸಿದ್ದೇವೆ, ಅದು ಸರಿಯೇ. ಆದರೆ ಕನ್ನಡದ ಅಕ್ಷರಗಳನ್ನು ಎರಕ ಹೊಯ್ದ ಈ ಊರಿಗೆ ಕನ್ನಡದವರು ಬರುವುದನ್ನು ನಾನು ಕಂಡಿಲ್ಲ. ಕಲಕತ್ತೆಗೆ ಬಂದವರು ಬೇಲೂರು ಮಠ, ದಕ್ಷಿಣೇಶ್ವರ ನೋಡಿ ತಿರುಗುತ್ತಾರೆ. ಅಲ್ಲಿಂದ ಇಲ್ಲಿಗೆ ಒಂದು ಗಂಟೆಯೂ ಬೇಡ. ಇನ್ನೊಂದು ಕೊರಗು ಇದೆ. ವ್ಯಾಕರಣದ ಮುಖಪುಟದಲ್ಲಿ ಕೇರಿಯ ಹೆಸರೊಂದೇ. ಇಷ್ಟು ದೂರದಲ್ಲಿ ಕೂತು ಅವನಿಗೆ ಕನ್ನಡ ತಿದ್ದಿಕೊಟ್ಟ ಪಂಡಿತರ ಹೆಸರು ಅಲ್ಲಿಲ್ಲ. ಅವರು ನನಗಿಂತ ಇನ್ನೂರು ವರ್ಷ ಮೊದಲಿನ ಹೊರನಾಡ ಕನ್ನಡಿಗರಲ್ಲವೇ?

ಊರಿಗೆ ಬಂದವರಿಗೆ ಮೊದಲು ತೋರಿಸುವುದು ಕಾಲೇಜು. 1818ರಲ್ಲಿ ಕೇರಿ, ಮಾರ್ಷ್‌ಮನ್, ವಾರ್ಡ್ ಮೂವರೂ ಸೇರಿ ತೆರೆದದ್ದು, ಕೆಲ ವರ್ಷದಲ್ಲಿ ಎತ್ತರದ ಅಯೋನಿಕ್ ಕಂಬಗಳ ಕಟ್ಟಡ ಎದ್ದಿತು, 1827ರಲ್ಲಿ ಡೆನ್ಮಾರ್ಕಿನ ರಾಜ ಪದವಿ ಕೊಡುವ ಸನ್ನದು ಕೊಟ್ಟ. ಆ ಸನ್ನದಿನ ಬಲದಿಂದಲೇ ಇವತ್ತಿಗೂ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ, ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಓದಿದವರಿಗೆ ಶ್ರೀರಾಮಪುರದ ಹೆಸರಿನಲ್ಲಿ ಪದವಿ ಬರುತ್ತದೆ. ನಮ್ಮ ಸಭಾಪಾಲಕರ ಮನೆಯ ಗೋಡೆಯಲ್ಲಿ 'ಸೆರಾಂಪುರ್' ಎಂಬ ಪ್ರಮಾಣಪತ್ರ ತೂಗುತ್ತಿದ್ದದ್ದು ನನಗೆ ನೆನಪಿದೆ. ಅದು ಒಂದು ಊರಿನ ಹೆಸರೆಂದು ಆಗ ತಿಳಿದಿರಲಿಲ್ಲ.

ಕಾಲೇಜು ಚೆನ್ನಾಗಿದೆ. ಸಂತ ಓಲಾವ್ ಚರ್ಚು ಒಂದು ಕಾಲಕ್ಕೆ ಚಾವಣಿ ಬೀಳುವಂತಾಗಿ ಮುಚ್ಚಿತ್ತು. ಡೆನ್ಮಾರ್ಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದವರು ಕೈಹಾಕಿ, ಸುಣ್ಣದ ಗಾರೆಯ ಹಳೆಯ ಕೆಲಸ ಬಲ್ಲವರನ್ನು ಕೂಡಿಸಿ ಎತ್ತಿ ನಿಲ್ಲಿಸಿದರು. 2016ರಲ್ಲಿ ಮತ್ತೆ ತೆರೆಯಿತು, ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪ್ರಶಸ್ತಿಯೂ ಬಂತು. ನಾನು ಆ ಕೆಲಸ ನಡೆಯುವಾಗ ಎಷ್ಟೋ ಸಂಜೆ ಹೋಗಿ ನಿಂತು ನೋಡಿದ್ದೇನೆ. ಹಳೆಯ ತೊಲೆಯಲ್ಲಿ ಗಟ್ಟಿಯಿದ್ದಷ್ಟನ್ನು ಉಳಿಸಿಕೊಂಡು, ಕೊಳೆತಷ್ಟನ್ನೇ ತೆಗೆಯುವ ತಾಳ್ಮೆ ಅದು. ನಮ್ಮ ಸೀಮೆಯ ಒಂದು ಹಳ್ಳಿಯಲ್ಲಿ, ನಮ್ಮ ಅಜ್ಜಿಯ ಮದುವೆಯಾದ ಹೆಂಚಿನ ಗುಡಿಯನ್ನು ಎರಡೇ ದಿನದಲ್ಲಿ ಜೆಸಿಬಿ ತಂದು ಕೆಡವಿದರು. ಸಾಗುವಾನಿ ತೊಲೆಗಳು ಹರಾಜಿಗೆ ಹೋದವು. ಗೋಡೆಯಲ್ಲಿದ್ದ ಹಳೆಯ ಕಲ್ಲಿನ ಮೇಲೆ, ಗುಡಿಗೆ ಜೋಳ ಮಾರಿ ದುಡ್ಡು ಕೊಟ್ಟ ಆರು ಮನೆಗಳ ಹೆಸರಿದ್ದವು. ಅದು ಎಲ್ಲಿ ಹೋಯಿತೆಂದು ಕೇಳಿದರೆ ಯಾರೂ ಹೇಳಲಿಲ್ಲ. ಹೊಸ ಆರ್‌ಸಿಸಿ ಕಟ್ಟಡದ ಮೇಲೆ ಈಗ ಉದ್ಘಾಟನೆಗೆ ಬಂದವರ ಹೆಸರುಗಳಿವೆ. ಜಾಗ ಸಾಲದಾಗಿತ್ತು, ಮಳೆಗಾಲದಲ್ಲಿ ಸೋರುತ್ತಿತ್ತು, ಒಪ್ಪುತ್ತೇನೆ. ಆ ಕಲ್ಲನ್ನು ಹೊಸ ಗೋಡೆಗೆ ಕೂಡಿಸಲು ಎಷ್ಟು ಸಿಮೆಂಟ್ ಬೇಕಿತ್ತು?

ಇದನ್ನು ಹೇಳುತ್ತ ಬಂಗಾಳದವರು ಎಲ್ಲದರಲ್ಲೂ ಮೇಲು ಎನ್ನಲಾರೆ. ಎತ್ತರದ ಕಂಬಗಳಿಗೆ ಇಲ್ಲಿಯೂ ದುಡ್ಡು ಬರುತ್ತದೆ, ಹೊರದೇಶದ ತಜ್ಞರು ಬರುತ್ತಾರೆ. ಮಿಷನ್ನಿನ ಹಳೆಯ ನೆಲದ ಬಹುಪಾಲು ಸೆಣಬಿನ ಗಿರಣಿಯ ಪಾಲಾಗಿ ಎಷ್ಟೋ ಕಾಲವಾಯಿತು. ಬಡಿಗ ಕಟ್ಟಿದ ಮಂದಿರದ ಜಾಗಕ್ಕೆ ಕೈ ತೋರಿಸಬಲ್ಲ ಒಬ್ಬ ಮನುಷ್ಯನೂ ನನಗೆ ಈ ಊರಿನಲ್ಲಿ ಸಿಕ್ಕಿಲ್ಲ. ಆದರೂ ಇಲ್ಲಿಯವರು ಅವನನ್ನು ಒಂದು ರೀತಿಯಲ್ಲಿ ಉಳಿಸಿಕೊಂಡಿದ್ದಾರೆ, ಹಾಡಿನಲ್ಲಿ. ಕೃಷ್ಣ ಪಾಲ್ ಪದ ಕಟ್ಟುತ್ತಿದ್ದ. ಅವನದೊಂದು ಹಾಡನ್ನು ಮಾರ್ಷ್‌ಮನ್ ಇಂಗ್ಲಿಷಿಗೆ ತಿರುಗಿಸಿದ್ದರಿಂದ ಅದು ಇಂಗ್ಲೆಂಡ್ ಅಮೆರಿಕದ ಬ್ಯಾಪ್ಟಿಸ್ಟರ ಹಾಡಿನ ಪುಸ್ತಕಗಳನ್ನೂ ಸೇರಿತು. ನನ್ನ ಜೀವವೇ, ನಿನಗಾಗಿ ನೊಂದವನನ್ನು ಮರೆಯಬೇಡ ಎಂಬ ಭಾವದ್ದು. ಖೋಲ್ ಬಾರಿಸಿ, ಕರತಾಳ ಹಿಡಿದು, ಕೀರ್ತನೆಯ ಧಾಟಿಯಲ್ಲಿ ಇಲ್ಲಿಯವರು ಹಾಡುವಾಗ ನನಗೆ ನಮ್ಮ ಗುಡಿಯ ಪೇಟಿ, ತಬಲಾ, ಭಜನೆಯ ಧಾಟಿಯ ಹಾಡುಗಳು ನೆನಪಾಗುತ್ತವೆ. ಬಡಿಗನ ಮರ ಹೋಯಿತು, ಪದ ಉಳಿಯಿತು.

ನಮ್ಮ ಸಭೆಗಳ ಹಿರಿಯರಲ್ಲಿ ನನ್ನದೊಂದೇ ಬೇಡಿಕೆ. ಗುಡಿ ಕೆಡವುವ ಮುಂಚೆ, ಅಥವಾ ಈಗಾಗಲೇ ಕೆಡವಿದ್ದರೆ ಈ ವರ್ಷದ ಸುಗ್ಗಿ ಹಬ್ಬದ ಹೊತ್ತಿಗೆ, ಒಂದು ನೋಟುಪುಸ್ತಕ ಹಿಡಿದು ಮುದುಕರ ಮನೆಗಳಿಗೆ ಹೋಗಿ. ಯಾರ ಹೊಲದ ಮಣ್ಣು, ಯಾರ ಎತ್ತಿನ ಗಾಡಿ, ಯಾವ ಗೌಂಡಿ, ಯಾವ ಬಡಿಗ, ಅವನು ನಮ್ಮ ಸಭೆಯವನೇ ಅಲ್ಲದಿದ್ದರೂ ಸರಿ, ಬರೆದಿಡಿ. ಮಿಷನರಿಗಳ ದಿನಚರಿಗಳು ಬಾಸೆಲ್ಲಿನ ಕಪಾಟುಗಳಲ್ಲಿ ಭದ್ರವಾಗಿವೆ, ಅವನ್ನು ಓದಲು ಜನ ಇದ್ದಾರೆ. ಎತ್ತಿನ ಗಾಡಿಯ ಲೆಕ್ಕ ಇರುವುದು ಎಂಬತ್ತು ದಾಟಿದ ನಾಲ್ಕು ಜನರ ತಲೆಯಲ್ಲಿ.

ಹೋದ ಚಳಿಗಾಲದಲ್ಲಿ ಅವ್ವನನ್ನು ಕರೆದುಕೊಂಡು ಬಂದಿದ್ದೆ. ಬೊಡೋದಿನಕ್ಕೆ, ಅಂದರೆ ಕ್ರಿಸ್‌ಮಸ್ಸಿಗೆ, ನೆರೆಯ ಮಾಶಿಮಾ ಖರ್ಜೂರದ ಬೆಲ್ಲದ ಪೀಠೆ ಕೊಟ್ಟರು, ಅವ್ವ ಊರಿಂದ ಹೊತ್ತು ತಂದಿದ್ದ ಕರ್ಚಿಕಾಯಿ ಕೊಟ್ಟಳು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಒಳಗಿನ ಹೂರಣ ತೋರಿಸಿಕೊಂಡು ಅರ್ಧ ತಾಸು ಮಾತಾಡಿದರು. 28ನೇ ತಾರೀಕು ಸಂಜೆ ಅವ್ವನನ್ನು ಘಾಟಿಗೆ ಕರೆದೊಯ್ದು ಕೃಷ್ಣ ಪಾಲನ ಕಥೆ ಪೂರ್ತಿ ಹೇಳಿದೆ. ತೋಳು, ಊಟ, ದೀಕ್ಷಾಸ್ನಾನ, ಕೋಣೆಯೊಳಗಿನ ಡೊರೊಥಿ, ಮರದ ಕೆಳಗಿನ ಮದುವೆ. ಡೊರೊಥಿಯ ಮಾತು ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾಲೇಜಿನ ಕಂಬಗಳನ್ನು ಆಗಲೇ ತೋರಿಸಿ ಬಂದಿದ್ದೆ. ಅವಕ್ಕೆ ಅವಳು ಏನೂ ಅಂದಿರಲಿಲ್ಲ.

"ಆ ಬಡಿಗ್ಯಾ ಕಟ್ಟಿದ ಗುಡಿ ಎಲ್ಲೈತಿ?" ಎಂದು ಕೇಳಿದಳು.

ಉಳಿದಿಲ್ಲ ಎಂದೆ. ಅವಳು ಒಪ್ಪಲಿಲ್ಲ. "ಎಲ್ಲಿತ್ತು ಅಂತಾದ್ರೂ ಹೇಳು" ಎಂದಳು. ನನಗೆ ಗೊತ್ತಿರಲಿಲ್ಲ. ಅವ್ವ ಘಾಟಿನ ಮೆಟ್ಟಿಲಿಳಿದು, ನೀರಿಗೆ ಕೈ ಅದ್ದಿ ಹಣೆಗೆ ಹಚ್ಚಿಕೊಂಡು, ದಂಡೆಯ ಹಿಂದಿನ ಓಣಿಗಳ ಕಡೆ ಬಹಳ ಹೊತ್ತು ನೋಡುತ್ತ ನಿಂತಳು.